ಜಮಖಂಡಿಯಿಂದ ರಾಷ್ಟ್ರಪತಿ ಪದವಿಗೆ

ಹುಕ್ಕೇರಿ, ಗೋಕಾಕ, ಮೂಡಲಗಿಗಳ ನೆಲವನ್ನು ತಣಿಸುತ್ತ ಘಟಪ್ರಭೆಯು ಪೂರ್ವಕ್ಕೆ ಹರಿಯುತ್ತದೆ. ಪರಕೀಯರ ಆಳ್ವಿಕೆಯಲ್ಲಿ ಗೋಕಾಕದ ಸೀಮೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿಂದ ಮೂಡಲಿಗೆ ಸಾಗಿದರೆ ಪಟವರ್ಧನ ಮನೆತನದ ಜಮಖಂಡಿ ಸಂಸ್ಥಾನ. ಸಂಸ್ಥಾನದ ಪ್ರಜೆಗಳ ಮುಂದೆ ಎರಡು ಗುರಿಗಳಿದ್ದವು: ದೇಶಕ್ಕೆ ಸ್ವಾತಂತ್ರ್ಯ ಬರಬೇಕು, ತಮ್ಮ ಊರಿನಲ್ಲಿಯೂ ಜನರಿಗೆ ಹೊಣೆಯಾದ ಸರಕಾರ ಬರಬೇಕು. ಬಸಪ್ಪ ದಾನಪ್ಪ ಜತ್ತಿಯವರ ಸಾರ್ವಜನಿಕ ಜೀವನವು ರೂಪುಗೊಂಡುದು ಇಂತಹ ಕಾಲದಲ್ಲಿ.

ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ 1912ರ ಸೆಪ್ಟೆಂಬರ್ 10ರಂದು ಜನಿಸಿದ ಜತ್ತಿಯವರು ಕೊಲ್ಲಾಪುರದಲ್ಲಿ ಕಾನೂನು ಓದಿ ಜಮಖಂಡಿಯಲ್ಲಿ ವಕೀಲರಾದರು. 1940ರಲ್ಲಿ ಅಲ್ಲಿನ ಪುರಸಭೆಯ ಸದಸ್ಯರಾಗಿ, 1945ರಲ್ಲಿ ಅದರ ಅಧ್ಯಕ್ಷರಾಗಿ, ಅನಂತರ ಸಂಸ್ಥಾನದ ಮಂತ್ರಿಯೂ ಮುಖ್ಯಮಂತ್ರಿಯೂ ಆದರು. 1948ರ ಮಾರ್ಚ್ 8ರಂದು ಸಂಸ್ಥಾನವು ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. ಅದರೊಡನೆ ಅವರ ಪದವಿಯೂ ಅಳಿಯಿತು. ನಿನ್ನೆಯ ಮುಖ್ಯಮಂತ್ರಿ ಮತ್ತೆ ವಕೀಲಿಗೆ ಮರಳಿದರು.

ಮುಂದೆ ಅವರು 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. 1974ರಲ್ಲಿ ಉಪರಾಷ್ಟ್ರಪತಿಗಳಾದರು. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ನಿಧನರಾದಾಗ ಹಂಗಾಮಿ ರಾಷ್ಟ್ರಪತಿಯ ಹೊಣೆ ಅವರ ಮೇಲೆ ಬಿದ್ದಿತು. ಮಾರ್ಚ್ ತಿಂಗಳ ಚುನಾವಣೆಯಲ್ಲಿ ಅವರ ಪಕ್ಷವೇ ಸೋತಿತು. ಗೆದ್ದವರ ನಾಯಕರಾದ ಮೊರಾರ್ಜಿ ದೇಸಾಯಿಯವರಿಗೆ ಜತ್ತಿಯವರೇ ಪ್ರಮಾಣವಚನ ಬೋಧಿಸಿದರು.

ಕಠಿನ ಪರೀಕ್ಷೆ ಏಪ್ರಿಲಿನಲ್ಲಿ ಬಂದಿತು. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಹೊಸ ಸಂಪುಟವು ಸಲಹೆ ನೀಡಿತು. ಅವೂ ಜನರೇ ಆರಿಸಿದ ಸಭೆಗಳು. ಆದರೆ ಸಂಪುಟದ ಸಲಹೆಯಂತೆ ನಡೆಯಬೇಕೆಂದು 1976ರ ತಿದ್ದುಪಡಿಯಿಂದ ಸಂವಿಧಾನವು ಸ್ಪಷ್ಟವಾಗಿ ವಿಧಿಸಿತ್ತು. ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ. ಪಕ್ಷದ ಮೋಹದಿಂದ ತಡ ಮಾಡಿದರೆಂಬ ಟೀಕೆ ಎದ್ದಿತು. ಕೊನೆಗೆ ಏಪ್ರಿಲ್ 30ರಂದು ಸಹಿ ಹಾಕಿದರು. ಆ ವಿಳಂಬವನ್ನು ಒಪ್ಪದವರೂ ಒಂದು ಮಾತನ್ನು ಒಪ್ಪಬೇಕು: ಕೊನೆಯಲ್ಲಿ ಸಂವಿಧಾನದ ಮಾತೇ ಮೇಲಾಯಿತು.

ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರಿಗೆ ಹೊಣೆಯನ್ನು ಒಪ್ಪಿಸಿ ಜತ್ತಿಯವರು ಉಪರಾಷ್ಟ್ರಪತಿ ಸ್ಥಾನಕ್ಕೆ ಮರಳಿದರು. 2002ರ ಜೂನ್ 7ರಂದು ಅವರು ನಿಧನರಾದರು. ಅರಸರ ಕಾಲದಲ್ಲಿ ಸಿಂಹಾಸನವು ವಂಶದ ಸೊತ್ತು. ಪ್ರಜಾಪ್ರಭುತ್ವದಲ್ಲಿ ಅಧಿಕಾರವು ಜನರು ನಂಬಿ ಇರಿಸಿದ ಒಡವೆ. ಅದನ್ನು ಏರುವುದಕ್ಕೆ ಯೋಗ್ಯತೆ ಬೇಕು. ಹೊತ್ತು ಬಂದಾಗ ಹಿಂದಿರುಗಿಸುವುದಕ್ಕೆ ಅದಕ್ಕಿಂತ ಹೆಚ್ಚಿನ ಯೋಗ್ಯತೆ ಬೇಕು.