ನ್ಯೂಟನ್ ಎಂದರೆ ಹೊಸೂರು

ಹತ್ತನೇ ತರಗತಿಯ ಪರೀಕ್ಷೆಗೆ ಮಕ್ಕಳ ಹೆಸರಿನ ಪಟ್ಟಿ ತಯಾರಿಸುವುದು ಶಾಲೆಯಲ್ಲಿ ನನ್ನ ಪಾಲಿನ ಕೆಲಸ. ಅಂಕಪಟ್ಟಿಯಲ್ಲಿ ಒಂದಕ್ಷರ ತಪ್ಪಿದರೂ ಅದು ಪಾಸ್‌ಪೋರ್ಟಿನವರೆಗೆ ಕಾಡುತ್ತದೆ. ಹಾಗಾಗಿ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳುತ್ತೇನೆ. ಒಮ್ಮೆ ಒಬ್ಬ ಹುಡುಗಿಯ ಹೆಸರಿನ ಹಿಂದೆ ಮುಂದೆ ಏನೂ ಇರಲಿಲ್ಲ. ‘ಇನಿಶಿಯಲ್ ಏನಮ್ಮಾ?’ ಎಂದೆ. ಆಕೆ ತಲೆ ತಗ್ಗಿಸಿದಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ತಂದೆ ತೀರಿಕೊಂಡ ಮೇಲೆ ತಾಯಿ ಮಗಳನ್ನು ಕರೆದುಕೊಂಡು ತೊಗರ್ಸಿಯ ತವರಿಗೆ ಬಂದದ್ದು ನನಗೆ ಗೊತ್ತಿತ್ತು. ಎಲ್ಲರೆದುರು ಕೇಳಬಾರದಿತ್ತು.

ಮರುದಿನ ಬಿಳಿ ಬೆಳಕು ಏಳು ಬಣ್ಣಗಳಾಗಿ ಒಡೆಯುವ ಪಾಠ. ಅಲ್ಲಿ ನ್ಯೂಟನ್ ಬಂದೇ ಬರುತ್ತಾನೆ. ಪುಸ್ತಕ ಮುಚ್ಚಿಟ್ಟು ಅವನ ಹೆಸರಿನ ಕಥೆಯನ್ನೇ ಹೇಳಿದೆ. ಹಳೆಯ ಇಂಗ್ಲಿಷಿನಲ್ಲಿ ನ್ಯೂಟನ್ ಎಂದರೆ ಹೊಸ ಊರು. ನಮ್ಮಲ್ಲಿ ಹೊಸೂರು, ಹೊಸಹಳ್ಳಿಗಳಿರುವಂತೆ ಆ ಹೆಸರಿನ ಹಳ್ಳಿಗಳು ಅಲ್ಲಿ ಬೇಕಾದಷ್ಟಿವೆ. ಅಂಥ ಊರು ಬಿಟ್ಟು ಬೇರೆಡೆ ನೆಲೆಸಿದವನನ್ನು ಜನ ಅವನ ಊರಿನಿಂದಲೇ ಗುರುತಿಸಿದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರಲ್ಲ, ಆಮೇಲಿನ ಮೂರು ನಾಲ್ಕು ಶತಮಾನಗಳಲ್ಲಿ ಇಂಥ ಗುರುತುಗಳು ಮಕ್ಕಳು ಮೊಮ್ಮಕ್ಕಳಿಗೂ ಅಂಟಿಕೊಂಡು ಅಡ್ಡಹೆಸರುಗಳಾದವು. ಕಬ್ಬಿಣ ಬಡಿದವನು ಸ್ಮಿತ್ ಆದ. ಇಲ್ಲಿಂದ ಹಿರೇಕೆರೂರಿನ ಕಡೆ ಹೋದರೆ ಅವನೇ ಕಮ್ಮಾರ! ನಮ್ಮ ಕಡೆ ಮಾತ್ರ ಊರು ಒಂದಕ್ಷರಕ್ಕೆ ಇಳಿಯಿತು. ಭೌತವಿಜ್ಞಾನದ ಮೇಷ್ಟ್ರು ಎಚ್. ನರಸಿಂಹಯ್ಯನವರ ‘ಎಚ್’ ಎಂದರೆ ಗೌರಿಬಿದನೂರು ತಾಲ್ಲೂಕಿನ ಹೊಸೂರು. ಇಂಗ್ಲೆಂಡಿನಲ್ಲಿ ಹುಟ್ಟಿದ್ದರೆ ಅವರೂ ನ್ಯೂಟನ್ನೇ!

ಮಕ್ಕಳು ನಕ್ಕರು. ಮುಂದಿನದು ನಗುವಂಥದ್ದಲ್ಲ. 1642ರಲ್ಲಿ ವೂಲ್ಸ್‌ಥೋರ್ಪ್ ಎಂಬ ಹಳ್ಳಿಯಲ್ಲಿ ನ್ಯೂಟನ್ ಹುಟ್ಟುವುದಕ್ಕೆ ಸುಮಾರು ಮೂರು ತಿಂಗಳು ಮೊದಲೇ ತಂದೆ ತೀರಿಕೊಂಡಿದ್ದ. ಮಗುವಿಗೆ ಮೂರು ವರ್ಷವಾದಾಗ ತಾಯಿ ಸ್ಮಿತ್ ಎಂಬ ಪಾದ್ರಿಯನ್ನು ಮದುವೆಯಾಗಿ ಬೇರೆ ಊರಿಗೆ ಹೋದಳು. ಹುಡುಗ ಅಜ್ಜಿಯ ಬಳಿ ಉಳಿದ. ಕಣ್ಣಾರೆ ಕಾಣದ ತಂದೆಯಿಂದ ಅವನಿಗೆ ಬಂದದ್ದರಲ್ಲಿ ಹೆಸರೂ ಒಂದು. ಐಸಾಕ್ ನ್ಯೂಟನ್ ಎಂಬ ಎರಡೂ ಪದ ತಂದೆಯವೇ. ಹೇಳುವಾಗ ನಾನು ಆ ಹುಡುಗಿಯ ಕಡೆ ನೋಡಲಿಲ್ಲ.

ಎರಡು ದಿನ ಬಿಟ್ಟು ಅವಳ ತಾಯಿ ಶಾಲೆಗೆ ಬಂದರು. ‘ಸಾರ್, ತಂದೆ ಹೆಸರಿನ ಜಾಗದಲ್ಲಿ ಅವರ ಹೆಸರು ಇದ್ದೇ ಇರುತ್ತಲ್ಲ. ಇನಿಶಿಯಲ್ಲಿಗೆ ಟಿ ಅಂತ ಹಾಕಿ. ಇನ್ಮೇಲೆ ನಮ್ಮೂರು ಇದೇ’ ಎಂದರು. ಅರ್ಜಿ ಬರೆಸಿಕೊಂಡೆ. ಪಟ್ಟಿಯಲ್ಲಿ ಆಗಲೇ ಹನ್ನೊಂದು ‘ಟಿ’ಗಳಿದ್ದವು. ಹನ್ನೆರಡನೆಯದನ್ನು ಬರೆದೆ.