ಆಗುಂಬೆ ಘಾಟಿ ಇಳಿದ ಆರು ಸೈಕಲ್ಲುಗಳು

ಮಕ್ಕಳೇ, 1976ರ ಡಿಸೆಂಬರಿನಲ್ಲಿ ನಾವು ಆರು ಗೆಳೆಯರು ಬೆಂಗಳೂರಿನಿಂದ ಉಡುಪಿಗೆ ಸೈಕಲ್ ಮೇಲೆ ಹೊರಟೆವು. ದಿನಕ್ಕೆ 70-80 ಕಿಲೋಮೀಟರ್. ನಸುಕಿಗೇ ಎದ್ದು ಟೈರಿಗೆ ಗಾಳಿ, ಚೈನಿಗೆ ಎಣ್ಣೆ, ಹೊಟ್ಟೆಗೆ ಅವಲಕ್ಕಿ. ಬಿಸಿಲೇರಿದರೆ ಮರದ ನೆರಳು, ರಾತ್ರಿ ಯಾವುದೋ ಶಾಲೆಯ ಜಗಲಿ. ಖರ್ಚಿನ ಲೆಕ್ಕ ಬರೆಯುವ ಕೆಲಸ ಬ್ಯಾಂಕಿನವನಾದ ನನ್ನದು!

ತೀರ್ಥಹಳ್ಳಿಯಲ್ಲಿ ತುಂಗೆಯಲ್ಲಿ ಮಿಂದು ಐದನೆಯ ದಿನ ಆಗುಂಬೆ ತಲುಪಿದೆವು. ಮುಂದೆ ಘಾಟಿಯ 14 ತಿರುವುಗಳು. ಪೆಡಲ್ ತುಳಿಯದೆ ಸೋಮೇಶ್ವರದವರೆಗೆ ಸರ್‍ರೆಂದು ಇಳಿಯುವ ಆಸೆಯಲ್ಲೇ ಎಲ್ಲರೂ ಅಷ್ಟು ದೂರ ಬೆವರು ಸುರಿಸಿದ್ದರು. ನೋಡಿದರೆ ನನ್ನ ಬ್ರೇಕ್ ರಬ್ಬರ್ ಪೂರ್ತಿ ಸವೆದಿತ್ತು. ಹೊಸದು ಹಾಕಿಸು ಎಂದು ಗೆಳೆಯರು ಊರಲ್ಲೇ ಹೇಳಿದ್ದರು. ನಾನೇ ಕಾಸು ಉಳಿಸಲು ಹೋಗಿದ್ದೆ.

“ನೀವು ಹೋಗಿ, ನಾನು ನಡೆದು ಬರ್ತೀನಿ” ಎಂದೆ. ಯಾರೂ ಉತ್ತರ ಕೊಡಲಿಲ್ಲ. ಒಬ್ಬೊಬ್ಬರಾಗಿ ಐವರೂ ಸೈಕಲ್ಲಿನಿಂದ ಇಳಿದರು. ಹರಟುತ್ತ, ಹಾಡುತ್ತ ಅಷ್ಟೂ ತಿರುವುಗಳನ್ನು ಎಲ್ಲರೂ ನಡೆದೇ ಇಳಿದೆವು. ನನ್ನ ಲೆಕ್ಕದ ಪುಸ್ತಕದಲ್ಲಿ ಇದನ್ನು ಬರೆಯಲು ಜಾಗವೇ ಇರಲಿಲ್ಲ.

ಈಗ ಮೊಮ್ಮಗ ಸೈಕಲ್ ಹೊರತೆಗೆದರೆ ಮೊದಲು ಬ್ರೇಕ್ ನೋಡುತ್ತೇನೆ. ಆಮೇಲೆ, “ಜೊತೆಗೆ ಯಾರು ಬರ್ತಾರೋ?” ಎಂದು ಕೇಳುತ್ತೇನೆ.