ಬಿಸಿಲಿಗೆ ಉಕ್ಕುವ ನದಿ ವಖ್ಶ್

ನದಿ ಉಕ್ಕಿ ಹರಿಯುವುದು ಯಾವಾಗ ಎಂದು ನಮ್ಮ ಮಕ್ಕಳನ್ನು ಕೇಳಿ ನೋಡಿ. ‘ಮಳೆಗಾಲದಲ್ಲಿ’ ಎಂಬ ಉತ್ತರ ತಟ್ಟನೆ ಬರುತ್ತದೆ. ಕಾವೇರಿ, ತುಂಗಭದ್ರೆಯರ ಮಟ್ಟಿಗೆ ಅದು ಸರಿಯೇ. ಆದರೆ ಮಧ್ಯ ಏಷ್ಯಾದ ವಖ್ಶ್ ನದಿ ತುಂಬಿ ಬರುವುದು ಬಿಸಿಲು ಕಾದಾಗ! ಪಾಮೀರ್ ಪರ್ವತಗಳ ಹಿಮ ಬೇಸಿಗೆಯಲ್ಲಿ ಕರಗುವುದೇ ಇದಕ್ಕೆ ಕಾರಣ.

ಅಟ್ಲಾಸ್ ತೆರೆದು ಕಾಶ್ಮೀರದಿಂದ ಉತ್ತರಕ್ಕೆ ಬೆರಳು ಸರಿಸಿ. ಕಿರ್ಗಿಜ್‌ಸ್ತಾನದ ಅಲಾಯ್ ಕಣಿವೆ ಸಿಗುತ್ತದೆ. ನದಿ ಅಲ್ಲಿ ಹುಟ್ಟುವಾಗ ಅದರ ಹೆಸರು ಕಿಜಿಲ್‌ಸೂ. ತಜಿಕಿಸ್ತಾನದಲ್ಲಿ ಮುಕ್ಸು ನದಿ ಬಂದು ಸೇರಿದ ಮೇಲೆ ಸುರ್ಖೋಬ್. ಎರಡು ಭಾಷೆಗಳ ಈ ಎರಡು ಹೆಸರಿಗೂ ಅರ್ಥ ಒಂದೇ: ಕೆಂಪು ನೀರು. ನಮ್ಮ ಹಳೆಯ ಗಾರೆ ಕೆಲಸದಲ್ಲಿ ಬಳಸುತ್ತಿದ್ದ ಇಟ್ಟಿಗೆ ಪುಡಿಗೆ ‘ಸುರ್ಕಿ’ ಎಂಬ ಹೆಸರು ಬಂದದ್ದೂ ಇದೇ ಪಾರಸಿ ‘ಸುರ್ಖ್’ನಿಂದ. ಮುಂದೆ ಓಬಿಖಿಂಗೌ ಕೂಡಿದ ಮೇಲೆ ನದಿ ವಖ್ಶ್ ಎನಿಸಿಕೊಳ್ಳುತ್ತದೆ. ಕೊನೆಗೆ ಅಫ್ಘಾನಿಸ್ತಾನದ ಗಡಿಯಲ್ಲಿ ಪಂಜ್ ನದಿಯೊಡನೆ ಬೆರೆತು ಆಮು ದರಿಯಾ ಆಗುತ್ತದೆ.

ಮುಕ್ಸುವಿಗೆ ನೀರೂಡುವ ಫೆದ್ಚೆಂಕೊ ಹಿಮನದಿಯ ಉದ್ದ ಸುಮಾರು 77 ಕಿ.ಮೀ. ಅಷ್ಟು ಎತ್ತರದಿಂದ ಇಳಿಯುವ ನೀರಿನಲ್ಲಿ ಅಪಾರ ಶಕ್ತಿ ಅಡಗಿದೆ. ಅದನ್ನು ಹಿಡಿಯಲು ಸೋವಿಯತ್ ಆಡಳಿತ 1961ರಲ್ಲಿ ಆರಂಭಿಸಿ 1980ರಲ್ಲಿ ಮುಗಿಸಿದ ನುರೆಕ್ ಅಣೆಕಟ್ಟಿನ ಎತ್ತರ 300 ಮೀಟರ್. ನಾಲ್ಕು ಕುತುಬ್ ಮಿನಾರ್‌ಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಅದಕ್ಕಿಂತ ತುಸು ಗಿಡ್ಡವೇ! ತಜಿಕಿಸ್ತಾನದ ವಿದ್ಯುತ್ತಿನಲ್ಲಿ ಶೇಕಡ 90ಕ್ಕೂ ಹೆಚ್ಚು ಪಾಲು ಜಲವಿದ್ಯುತ್ತು. ಅದರ ಬೆನ್ನೆಲುಬು ವಖ್ಶ್.

ತೊಡಕಿರುವುದು ಇಲ್ಲೇ. ಮೇಲಿನ ತಜಿಕಿಸ್ತಾನಕ್ಕೆ ಕೊರೆಯುವ ಚಳಿಯಲ್ಲಿ ಮನೆ ಬೆಚ್ಚಗಿಡಲು ವಿದ್ಯುತ್ ಬೇಕು. ಹಾಗಾಗಿ ಬೇಸಿಗೆಯ ನೀರನ್ನು ಕೂಡಿಟ್ಟು ಚಳಿಗಾಲದಲ್ಲಿ ಬಿಡಬೇಕು. ಕೆಳಗಿನ ಉಜ್ಬೇಕಿಸ್ತಾನ, ತುರ್ಕ್ಮೆನಿಸ್ತಾನಗಳ ಹತ್ತಿ ಹೊಲಗಳಿಗೋ ಬೇಸಿಗೆಯಲ್ಲೇ ನೀರು ಬೇಕು. ಸೋವಿಯತ್ ಕಾಲದಲ್ಲಿ ಬೇಸಿಗೆಯ ನೀರಿಗೆ ಬದಲಾಗಿ ಚಳಿಗಾಲದಲ್ಲಿ ಕೆಳಗಿನಿಂದ ಇಂಧನ ಬರುತ್ತಿತ್ತು. 1991ರಲ್ಲಿ ಒಕ್ಕೂಟ ಒಡೆದ ಮೇಲೆ ಆ ಕೊಡು-ಕೊಳ್ಳುವಿಕೆ ಕುಸಿಯಿತು. ನುರೆಕ್‌ನ ಮೇಲ್ಭಾಗದಲ್ಲಿ 335 ಮೀಟರ್ ಎತ್ತರಕ್ಕೆ ಯೋಜಿಸಿದ ರೋಗುನ್ ಅಣೆಕಟ್ಟಿಗೆ ಉಜ್ಬೇಕಿಸ್ತಾನ ವರ್ಷಗಟ್ಟಲೆ ವಿರೋಧ ಒಡ್ಡಿತು. ಆ ಬಿಗಿ ಸಡಿಲಗೊಂಡ ಹೊತ್ತಿನಲ್ಲಿ, 2018ರ ನವೆಂಬರ್‌ನಲ್ಲಿ, ಅದರ ಮೊದಲ ಟರ್ಬೈನ್ ತಿರುಗಿತು. ಹತ್ತಿ ಹೊಲಗಳಿಗೇ ನೀರು ಮುಗಿದು, ಆಮು ದರಿಯಾ ಸೇರಬೇಕಿದ್ದ ಅರಾಲ್ ಸಮುದ್ರ 1960ರ ದಶಕದಿಂದ ಬತ್ತುತ್ತ ಬಂದ ಕಥೆ ಎಲ್ಲರಿಗೂ ಎಚ್ಚರಿಕೆಯ ಪಾಠ.

ಈಗ ಇನ್ನೊಂದು ಚಿಂತೆ. ಹಿಮನದಿಯೆಂದರೆ ಬ್ಯಾಂಕಿನಲ್ಲಿಟ್ಟ ಠೇವಣಿಯಂತೆ. ಚಳಿಗಾಲದಲ್ಲಿ ಬಿದ್ದಷ್ಟೇ ಹಿಮ ಬೇಸಿಗೆಯಲ್ಲಿ ಕರಗಿದರೆ ನಾವು ಬಳಸುವುದು ಬಡ್ಡಿ ಮಾತ್ರ. ಭೂಮಿ ಬಿಸಿಯಾಗಿ ಅಸಲೇ ಕರಗತೊಡಗಿದರೆ ಕೆಲವು ಕಾಲ ನದಿಯಲ್ಲಿ ನೀರು ಹೆಚ್ಚಬಹುದು. ನೋಡುವವರಿಗೆ ಅದು ಸಮೃದ್ಧಿಯಂತೆಯೇ ಕಾಣುತ್ತದೆ. ಆಮೇಲೆ? ವಿಶ್ವಸಂಸ್ಥೆ 2025ನ್ನು ಹಿಮನದಿಗಳ ಸಂರಕ್ಷಣೆಯ ಅಂತರರಾಷ್ಟ್ರೀಯ ವರ್ಷವೆಂದು ಸಾರಿತು. ಹಾಗೆ ಸಾರಬೇಕೆಂದು ಮುಂದೆ ಬಂದು ಕೇಳಿದ್ದು ತಜಿಕಿಸ್ತಾನವೇ. ಅಸಲು ಕರಗುವುದನ್ನು ಕಣ್ಣಾರೆ ಕಂಡವರಿಗಲ್ಲದೆ ಅದರ ಆತಂಕ ಇನ್ನಾರಿಗೆ ಅರಿವಾದೀತು?